ಬೆನ್ನಿಗೆ ಬಂದ ಹೊಲ

ತಾಲೂಕಿನ ಸಹಾಯಧನದ ಪಟ್ಟಿಯಲ್ಲಿ ನನ್ನ ಹೆಸರು ನಲವತ್ತೇಳನೆಯದು. ಫಕ್ಕೀರವ್ವ. ನಂಬದವರು ಕೃಷಿ ಕಚೇರಿಗೆ ಹೋಗಿ, ಎಡಗಡೆಯ ಗೋಡೆಗೆ ಅಂಟಿಸಿರುವ ಹಾಳೆಯನ್ನು ಓದಿಕೊಳ್ಳಬಹುದು. ಅದೇ ಸಾಲಿನಲ್ಲಿ ನನ್ನ ಹೆಸರಿಗಿಂತ ಮೊದಲು ಬರೆದಿದ್ದ ಎರಡು ಹೆಸರುಗಳನ್ನು ಗೀಟು ಎಳೆದು ಹೊಡೆದಿದ್ದಾರೆ. ಆ ಗೀಟುಗಳು ಹೇಗೆ ಬಿದ್ದವು ಎಂಬುದನ್ನು ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅವರೆಲ್ಲ ಹೇಳಿ ಮುಗಿಸಲಿ ಎಂದು ಕಾಯುವಷ್ಟು ತಾಳ್ಮೆ ನನಗಿಲ್ಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತವಳು ನಾನು. ಬರೆಯಲು ಬರುತ್ತದೆ, ಬರೆಯುತ್ತೇನೆ.

ನಮ್ಮ ಊರಿನ ಹೊಲಗಳು ದುಡಿದವರ ಹಿಂದೆ ಬರುತ್ತವೆ. ದುಡಿಯುವವರು ಮನೆ ಬದಲಿಸಿದರೆ ವಾರ, ಹತ್ತು ದಿನದಲ್ಲಿ ಹೊಲವೂ ಅಲ್ಲಿಗೆ ಬಂದು ಹಿತ್ತಲಿಗೆ ಹೊಂದಿಕೊಂಡು ಮಲಗುತ್ತದೆ. ಒಡ್ಡು, ಬನ್ನಿಯ ಗಿಡ, ನಿಂತ ಬೆಳೆ, ಬೆಳೆಯೊಳಗಿನ ಹಕ್ಕಿಗೂಡು ಎಲ್ಲ ಜೊತೆಗೇ ಬರುತ್ತವೆ. ಬಾವಿ ಮಾತ್ರ ಬರುವುದಿಲ್ಲ, ಅದು ಇದ್ದಲ್ಲೇ ಇರುತ್ತದೆ. ಹೊಲ ಸರಿಯುವುದನ್ನು ಕಣ್ಣಿಂದ ಕಂಡವರಿಲ್ಲ. ಗಡಿಯಾರದ ಸಣ್ಣ ಮುಳ್ಳಿನ ಹಾಗೆ ಅದು. ನೋಡುತ್ತ ಕುಳಿತರೆ ನಿಂತಿರುತ್ತದೆ, ಅಡಿಗೆ ಮುಗಿಸಿ ಬಂದು ನೋಡಿದರೆ ನಾಲ್ಕು ಗೇಣು ಈಚೆಗೆ ಬಂದಿರುತ್ತದೆ. ಓಣಿಯಲ್ಲಿ ಹಾಯುವಾಗ ಉದ್ದಕ್ಕೆ ಸಣ್ಣದಾಗಿ, ಬಯಲು ಸಿಕ್ಕಲ್ಲಿ ಮತ್ತೆ ಅಗಲವಾಗುತ್ತದೆ. ಅದಕ್ಕೇ ನಮ್ಮಲ್ಲಿ ಮನೆ ಮನೆಯ ನಡುವೆ ಎರಡು ಬಂಡಿ ಹೋಗುವಷ್ಟು ಜಾಗ ಬಿಟ್ಟು ಕಟ್ಟುತ್ತಾರೆ. ಬೇಲಿ ಹಾಕುವವರಿಲ್ಲ. ಟಪಾಲಿನವನು ಇವತ್ತು ಹಾದಿ ಯಾವ ಕಡೆಗಿದೆ ಎಂದು ಕೇಳಿಕೊಂಡೇ ಸೈಕಲ್ ಹತ್ತುತ್ತಾನೆ. ಅಣ್ಣತಮ್ಮಂದಿರು ಬೇರೆಯಾದರೆ ಪಂಚರನ್ನು ಕರೆಯುವುದಿಲ್ಲ. ಹದಿನೈದು ದಿನ ಸುಮ್ಮನಿದ್ದು, ಹೊಲ ಯಾರ ಮನೆಯ ಹಿಂದೆ ಹೋಯಿತು ಎಂದು ನೋಡುತ್ತಾರೆ.

ನಾವು ಪಾಲಿಗೆ ಮಾಡುವ ಐದು ಎಕರೆ ಎರೆಹೊಲ ಕಾಗದದಲ್ಲಿ ಅಡಿವೆಪ್ಪ ಸಾವಕಾರರದು. ಅವರಿಗೆ ಪೇಟೆಯಲ್ಲಿ ಎಣ್ಣೆ ಗಿರಣಿ ಇದೆ. ಕೆಟ್ಟ ಮನುಷ್ಯ ಎಂದು ನಾನು ಹೇಳುವುದಿಲ್ಲ. ರಾಶಿಯ ದಿನ ಅರ್ಧ ಜೋಳ ಅಳೆದುಕೊಂಡು ಹೋಗುವಾಗ ನಾಲ್ಕು ಕಾಳು ಚೆಲ್ಲಿದರೂ ಆರಿಸಿ ನಮ್ಮ ರಾಶಿಗೇ ಹಾಕುವಷ್ಟು ನೇಮದವರು. ಆದರೆ ಆ ಮನುಷ್ಯನ ಅಂಗಾಲಿಗೆ ಎರೆಮಣ್ಣು ಹತ್ತಿದ್ದನ್ನು ನಾನು ಕಂಡಿಲ್ಲ. ಹೊಲದ ಜಾಗ ಸರಕಾರದ ನಕ್ಷೆಯಲ್ಲಿ ಅವರ ಮನೆಯ ಹಿಂದೆ, ಊರ ಬಾವಿಯ ಪಕ್ಕಕ್ಕಿದೆ. ನಿಜವಾದ ಹೊಲ ಇಪ್ಪತ್ತು ವರ್ಷದಿಂದ ನಮ್ಮ ಮನೆಯ ಹಿಂದಿದೆ. ಬಾವಿಗೂ ನಮಗೂ ನಡುವೆ ಎಂಟುನೂರು ಹೆಜ್ಜೆ.

ವರ್ಷಕ್ಕೊಮ್ಮೆ ಕಚೇರಿಯವರು ತನಿಖೆಗೆ ಬರುತ್ತಾರೆ. ಹೊಲ ನಕ್ಷೆಯಲ್ಲಿ ತೋರಿಸಿದ ಜಾಗದಲ್ಲೇ ಇರಬೇಕು, ಸಹಾಯಧನ ಬೇಡುವವರು ಅದರಲ್ಲಿ ನಿಂತಿರಬೇಕು, ಫೋಟೋ ಹಿಡಿಯಬೇಕು. ಇಷ್ಟಾದರೆ ಬೀಜ, ಗೊಬ್ಬರ, ನೀರು ಹಾಯಿಸುವ ಪೈಪು ಎಲ್ಲ ಸಿಗುತ್ತವೆ. ಹೀಗಾಗಿ ಊರಿನಲ್ಲಿ ಒಂದು ರೂಢಿ ಬೆಳೆದಿದೆ. ತನಿಖೆಗೆ ಎಂಟು ದಿನ ಮೊದಲು ಪಾಲಿನವರೆಲ್ಲ ಹಾಸಿಗೆ ಸುತ್ತಿಕೊಂಡು ತಮ್ಮ ತಮ್ಮ ಸಾವಕಾರರ ಹಿತ್ತಲಿಗೆ ಹೋಗಿ ಬಿಡಾರ ಹೂಡುತ್ತಾರೆ. ಹೊಲಗಳು ಹಿಂದಿನಿಂದ ಬಂದು ನಕ್ಷೆಯ ಜಾಗ ಹಿಡಿಯುತ್ತವೆ. ತನಿಖೆಯ ದಿನ ಸಾವಕಾರರು ಇಸ್ತ್ರಿ ಮಾಡಿದ ಧೋತರ ಉಟ್ಟು ಬೆಳೆಯ ನಡುವೆ ನಿಲ್ಲುತ್ತಾರೆ. ಪಾಲಿನವರು ದನದ ಕೊಟ್ಟಿಗೆಯಲ್ಲಿ ಸುಮ್ಮನೆ ಕೂಡುತ್ತಾರೆ. ಮುಗಿದ ಮೇಲೆ ಒಂದು ಹೋಳಿಗೆ ಊಟ, ಹೆಂಗಸರಿಗೆ ಒಂದು ಕುಬಸದ ಕಣ. ಇಪ್ಪತ್ತು ಕಣ ನನ್ನ ಪೆಟ್ಟಿಗೆಯಲ್ಲಿವೆ. ಒಂದನ್ನೂ ಹೊಲಿಸಿಲ್ಲ.

ಹೋದ ವರ್ಷ ಸಾವಕಾರರ ಮೊಮ್ಮಗಳ ಮದುವೆಗೆ ಹೋಗಿದ್ದೆ. ಹಂದರ ಚೆನ್ನಾಗಿತ್ತು. ಚೆಂಡುಹೂವಿನ ಮಾಲೆ ಸುತ್ತಿದ ಕಂಬಗಳು ಸಾಲಾಗಿ ನಿಂತಿದ್ದವು. ಊಟಕ್ಕೆ ಕುಳಿತಾಗ ಒಂದು ಕಂಬದ ಹೂವು ಸ್ವಲ್ಪ ಜಾರಿತು. ಒಳಗೆ ನೀರಿನ ಪೈಪು. ಮೇಲೆ ಇಲಾಖೆಯ ಮುದ್ರೆ, ಅದರ ಕೆಳಗೆ ನಮ್ಮ ಹೊಲದ ನಂಬರು. ಆ ವರ್ಷ ತೆನೆ ಹಾಲುಗಟ್ಟುವ ಹೊತ್ತಿನಲ್ಲಿ ನಾನು ಎಂಟುನೂರು ಹೆಜ್ಜೆ ಕೊಡ ಹೊತ್ತು ಹೊತ್ತು ಮೂರು ಸಾಲು ಉಳಿಸಿದ್ದೆ, ಉಳಿದದ್ದು ಜೊಳ್ಳಾಗಿತ್ತು. ಎಲೆಯಲ್ಲಿ ಬುಂದೆಯ ಉಂಡಿ ಇತ್ತು. ತಿನ್ನಲಿಲ್ಲ. ಬೈಯಲೂ ಇಲ್ಲ, ಮದುವೆ ಮನೆ. ಎಲೆ ಮಡಿಚಿ ಎದ್ದು ಬಂದೆ.

ಈ ವರ್ಷ ತನಿಖೆಯ ತಾರೀಖು ಗೊತ್ತಾದ ಮೇಲೆ ಸಾವಕಾರರೇ ನಮ್ಮ ಮನೆಯವರೆಗೆ ಬಂದರು. ನಾನು ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದೆ. ನನ್ನ ಗಂಡ ಯಮನೂರಪ್ಪ ಕಟ್ಟೆಯ ಮೇಲೆ ಕುಳಿತು ಎತ್ತಿನ ಮುಖಕ್ಕೆ ಕಟ್ಟುವ ಮಗಡ ಹೆಣೆಯುತ್ತಿದ್ದ. ಅವನು ಸಮಾಧಾನದ ಮನುಷ್ಯ. ಎತ್ತಿಗೂ ಬೈದವನಲ್ಲ. ವರ್ಷದ ಹೆಚ್ಚು ದಿನ ಸಾವಕಾರರ ಗಿರಣಿಗೆ ಬಂಡಿ ಹೊಡೆಯುತ್ತಾನೆ.

“ಯಮನೂರಪ್ಪ, ನಾಳಿಂದ ಬರ್ರಿ ಮತ್ತ. ಹಿತ್ತಲದಾಗ ತಗಡ ಹೊದಿಸೇನಿ ಈ ಸಲ,” ಎಂದರು ಸಾವಕಾರರು.

“ಹೂಂ ರಿ,” ಎಂದ ನನ್ನ ಗಂಡ.

“ನಾ ಬರಂಗಿಲ್ಲ,” ಎಂದೆ ನಾನು.

ಸಾವಕಾರರು ನಕ್ಕರು. “ಯಾಕವಾ, ತಗಡ ಸಾಲದಾ? ಹೆಂಚ ಹಾಕಸ್ಲೇನು?”

“ಹೆಂಚ ಬ್ಯಾಡ್ರಿ. ಪೈಪ ಬೇಕು. ಹಂದರ ಬಿಚ್ಚಿದ ಮ್ಯಾಲೆ ಎಲ್ಲಿ ಇಟ್ಟೀರಿ?”

ನಗು ನಿಂತಿತು. “ಅದು ನನ್ನ ಹೆಸರಲೆ ಬಂದದ್ದು, ಫಕ್ಕೀರವ್ವ. ಕಾಗದದಾಗ ಯಾರ ಹೆಸರ ಐತಿ ನೋಡು.”

“ಕಾಗದ ನಿಮ್ಮ ತಿಜೋರ್ಯಾಗ ಐತಿ. ಹೊಲ ನನ್ನ ಹಿತ್ತಲದಾಗ ಐತಿ. ತನಿಖೆದವ್ರು ಕಾಗದದಾಗ ನಿಂತು ಫೋಟೋ ಹೊಡಸ್ಕೋ ಅಂದ್ರ ನಿಂದರ್ರಿ, ನಂದೇನೂ ತಕರಾರಿಲ್ಲ.”

“ಏ, ಹಂಗ ಮಾತಾಡಬಾರ್ದು,” ಎಂದ ಯಮನೂರಪ್ಪ.

“ಸಾವಕಾರ್ರಿಗೆ ಹೇಳಾತೀಯೋ, ನನಗೋ?” ಎಂದೆ. ಅವನು ಮತ್ತೆ ಮಗಡ ಹೆಣೆಯತೊಡಗಿದ.

ಸಾವಕಾರರು ಬಾಗಿಲವರೆಗೆ ಹೋಗಿ ನಿಂತು, ನನ್ನನ್ನು ಬಿಟ್ಟು ನನ್ನ ಗಂಡನ ಕಡೆ ತಿರುಗಿ ಹೇಳಿದರು. “ಯಮನೂರಪ್ಪ, ನೀ ಬಂದ್ರ ಸಾಕೋ. ಹೊಲ ಗಂಡಸಿನ ಹಿಂದ ಬರ್ತೈತಿ. ಇಕಿ ಇಲ್ಲೇ ಕಡ್ಲಿ ಹಸನ ಮಾಡ್ಕೊಂತ ಕೂಡ್ಲಿ.”

ಈ ಮಾತನ್ನು ನಮ್ಮ ಊರಿನಲ್ಲಿ ಯಾರು ಬೇಕಾದರೂ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಹಿತ್ತಲಿಗೆ ಹೋಗುವಾಗ ಗಂಡ ಹೆಂಡತಿ ಕೂಡಿಯೇ ಹೋಗುತ್ತಿದ್ದೆವು, ಹೊಲ ಹಿಂದೆ ಬರುತ್ತಿತ್ತು, ನೇಗಿಲು ಹಿಡಿದವನ ಹಿಂದೆ ಬಂತು ಎಂದುಕೊಳ್ಳುತ್ತಿದ್ದೆವು. ಪಂಚಮಿಗೆ ತವರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದಾಗ ಪ್ರತಿ ವರ್ಷ ಹೊಲ ನನ್ನ ತವರಿನ ದಾರಿಯ ಕಡೆಗೆ ಸ್ವಲ್ಪ ವಾಲಿರುತ್ತಿತ್ತು. ಎತ್ತು ಜಗ್ಗಿರಬೇಕು ಎನ್ನುತ್ತಿದ್ದ ನನ್ನ ಗಂಡ. ಇರಬೇಕು ಎನ್ನುತ್ತಿದ್ದೆ ನಾನು. ಇಪ್ಪತ್ತು ವರ್ಷ ಹೀಗೆ.

ಮರುದಿನ ಯಮನೂರಪ್ಪ ಹಾಸಿಗೆ ಸುತ್ತಿಕೊಂಡು ಹೊರಟ. ನಾನು ತಡೆಯಲಿಲ್ಲ.

“ಸಾವಕಾರ್ರ ಜೋಡಿ ಜಗಳ ಕಟ್ಕೊಂಡು ಊರಾಗ ಹೆಂಗ ಬದುಕೂದು? ನಾ ಹೋಗಿ ಬರ್ತೀನಿ. ಎಂಟ ದಿನ,” ಎಂದ.

“ಹೋಗು. ಹೊಲ ಬಂದ್ರ ಕರ್ಕೊಂಡೇ ಹೋಗು,” ಎಂದೆ. ಸಿಟ್ಟಿನಲ್ಲಿ ಅಂದ ಮಾತು. ಬರುವುದೇ ಇಲ್ಲ ಎಂದು ಆಗ ನನಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಹೊಲ ಅವನ ಹಿಂದೆ ಹೋಗಿಬಿಡುತ್ತದೆ ಎಂದೇ ಅಂದುಕೊಂಡಿದ್ದೆ. ನಮ್ಮ ಹಿತ್ತಲಿನ ಬೀಸುವ ಕಲ್ಲಿಗೂ ಹೊಲದ ಬಾಂದಗಲ್ಲಿಗೂ ನಡುವೆ ಹದಿಮೂರು ಹೆಜ್ಜೆ ಇತ್ತು. ಅಳೆದು, ಕಲ್ಲಿನ ಮೇಲೆ ಸುಣ್ಣದಿಂದ ಗುರುತು ಹಾಕಿದೆ.

ಮೊದಲ ದಿನ ಸಂಜೆ ಹದಿಮೂರು. ಎರಡನೆಯ ದಿನ ಹದಿಮೂರು. ಮೂರನೆಯ ದಿನ ನಾನು ಕಳೆ ತೆಗೆದು ಬಂದು ಅಳೆದರೆ ಹನ್ನೆರಡೂವರೆ. ಹೊಲ ಈಚೆಗೆ ಬಂದಿತ್ತು. ತಪ್ಪಿರಬೇಕೆಂದು ಪಕ್ಕದ ಮನೆಯ ಕಾಳವ್ವನನ್ನು ಕರೆದು ಅವಳ ಹೆಜ್ಜೆಯಿಂದ ಅಳೆಸಿದೆ. ಅವಳು ಎರಡು ಸಲ ನಡೆದು ನೋಡಿ, ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಅವಳ ಗಂಡನೂ ಆ ಹೊತ್ತಿಗೆ ಬೇರೊಬ್ಬ ಸಾವಕಾರರ ಹಿತ್ತಲಿನಲ್ಲಿದ್ದ. ಅವಳು ಜ್ವರ ಬಂದು ಮನೆಯಲ್ಲೇ ಉಳಿದಿದ್ದಳು. ತಿರುಗಿ ತನ್ನ ಹೊಲವನ್ನು ನೋಡಿದಳು. ಅದೂ ಇದ್ದಲ್ಲೇ ಇತ್ತು.

“ಯವ್ವಾ ಫಕ್ಕೀರವ್ವ, ಇದೇನ ಬೇ,” ಎಂದಳು.

“ಇದ ಐತಿ,” ಎಂದೆ.

ಐದನೆಯ ದಿನ ಮಧ್ಯಾಹ್ನ ಯಮನೂರಪ್ಪ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತು, “ಹೊಲ ಸರದೈತೇನು?” ಎಂದು ಕೇಳಿದ.

“ನೀನ ನೋಡು ಹೋಗು.”

ಹೋಗಿ ನೋಡಿದ. ಬಾಂದಗಲ್ಲಿನ ಮುಂದೆ ಬಹಳ ಹೊತ್ತು ಕುಳಿತ. ಬಿತ್ತುವ ಎರಡು ದಿನ ಕೂರಿಗೆ ಹೊಡೆದವನು ಅವನೇ. ಕೂರಿಗೆಯ ಹಿಂದೆ ನಡೆದು ಬೀಜ ಬಿಟ್ಟ ಮುಷ್ಟಿ ನನ್ನದು. ಆಮೇಲೆ ಕಳೆ, ನೀರು, ಹಕ್ಕಿ ಕಾಯುವುದು, ಕೊಯ್ಯುವುದು. ಇದನ್ನೆಲ್ಲ ನಾನು ಅವನಿಗೆ ಎತ್ತಿ ಹೇಳಲಿಲ್ಲ. ಅವನೂ ಕೇಳಲಿಲ್ಲ. ಎದ್ದು ಬಂದು ನೀರು ಕುಡಿದು, “ಇನ್ನೂ ಮೂರ ದಿನ ಐತಿ,” ಎಂದಷ್ಟೇ ಹೇಳಿ ಹೋದ. ಹಟ ಅವನಿಗೂ ಇದೆ, ತೋರಿಸುವುದಿಲ್ಲ.

ತನಿಖೆಯ ದಿನ ಬಂದದ್ದು ನದಾಫ ಬಾಯಾರು. ಹೊಸದಾಗಿ ನಮ್ಮ ತಾಲೂಕಿಗೆ ಬಂದ ಹೆಣ್ಣು ಅಧಿಕಾರಿ. ಸಣ್ಣ ವಯಸ್ಸು, ನಕ್ಷೆಯ ಸುರುಳಿ ಬಗಲಲ್ಲಿ. ಸಾವಕಾರರ ಮನೆಯ ಹಿಂದೆ ನಡೆಯುವುದನ್ನು ನೋಡಲು ನಾನೂ ಹೋಗಿ ಬಾವಿಕಟ್ಟೆಯ ಹತ್ತಿರ ನಿಂತಿದ್ದೆ. ಬರೀ ಗರಸು ನೆಲ. ಅದರ ನಡುವೆ ಇಸ್ತ್ರಿ ಧೋತರದ ಸಾವಕಾರರು. ಪಕ್ಕದಲ್ಲಿ ತಲೆ ತಗ್ಗಿಸಿದ ನನ್ನ ಗಂಡ.

“ಇಲ್ಲಿ ಹೊಲ ಎಲ್ಲೈತ್ರಿ, ಸಾವಕಾರ್ರ?” ಎಂದರು ಬಾಯಾರು.

“ಬರಾಕತ್ತೈತ್ರಿ. ಹಾದ್ಯಾಗ ಐತಿ.”

“ಎಷ್ಟೊತ್ತಿಗೆ ಬರ್ತೈತಿ?”

ಸಾವಕಾರರು ನನ್ನ ಗಂಡನ ಮುಖ ನೋಡಿದರು. ನನ್ನ ಗಂಡ ನೆಲ ನೋಡಿದ. ನಾನು ಮುಂದೆ ಹೋಗಿ, “ಅದು ಬರಂಗಿಲ್ರಿ ಬಾಯಾರ. ನನ್ನ ಮನಿ ಹಿಂದ ಐತಿ. ಬರ್ರಿ, ತೋರಸ್ತೀನಿ,” ಎಂದೆ.

ಬಾಯಾರು ಬಂದರು. ಹೊಲ ನೋಡಿದರು. ಬೂಟು ಕಳಚಿ ಒಳಗೆ ನಡೆದು, ಒಂದು ತೆನೆ ಹಿಡಿದು ಒತ್ತಿ ನೋಡಿದರು. ಅದಕ್ಕೆ ನೀರು ಬೇಕಾಗಿತ್ತು, ಅದು ಅವರಿಗೆ ಗೊತ್ತಾಯಿತು. ಆದರೂ ಪೆನ್ನು ತೆಗೆದು, “ಅಕ್ಕಾರ, ನಾ ಬರಿಯೂದು ಒಂದ. ನಕಾಶೆ ಜಾಗದಾಗ ಹೊಲ ಇಲ್ಲ. ಪಟ್ಟಿಯಿಂದ ತಗೀತಾರ. ಸಾವಕಾರ್ರಿಗೂ ಇಲ್ಲ, ನಿಮಗೂ ಇಲ್ಲ. ನಕಾಶೆ ಬಿಟ್ಟು ಬರಿಯೂ ಅಧಿಕಾರ ನನಗಿಲ್ಲ, ಕಚೇರ್ಯಾಗ ದೊಡ್ಡ ಸಾಹೇಬ್ರಿಗೆ ಐತಿ. ಹದಿನೈದನೇ ತಾರೀಖಿಗೆ ಪಟ್ಟಿ ಮುಗೀತೈತಿ,” ಎಂದರು.

“ಹಂಗಂದ್ರ ಪೈಪ ಬರೂದುಲ್ಲಾ?”

“ಬರೂದುಲ್ಲ.”

ಸಾವಕಾರರು ಹಿಂದಿನಿಂದ ಬಂದು ಸೇರಿದ್ದರು. “ಕೇಳಿದೇನವಾ? ನನಗೂ ಇಲ್ಲಂಗ ಮಾಡಿದಿ, ನಿನಗೂ ಇಲ್ಲಂಗ ಮಾಡ್ಕೊಂಡಿ. ಏನ್ ಗಳಿಸಿದಿ?” ಎಂದರು.

ನಾನು ಒಳಗೆ ಹೋಗಿ ಚಾಪೆ, ಕಂಬಳಿ, ಒಂದು ತಂಬಿಗೆ ತೆಗೆದುಕೊಂಡು ಹೊರಟೆ. ಕೃಷಿ ಕಚೇರಿ ಊರಿನ ಇನ್ನೊಂದು ತುದಿಗಿದೆ. ಅಲ್ಲಿಯ ದೊಡ್ಡ ಸಾಹೇಬರು ನನ್ನನ್ನು ನಿಲ್ಲಿಸಿಕೊಂಡೇ ಮಾತಾಡಿದರು. ದಾಖಲೆಯಲ್ಲಿ ನಿನ್ನ ಹೆಸರು ಎಲ್ಲೂ ಇಲ್ಲ, ಹೊಲ ನೀನು ಮಾಡುತ್ತೀ ಎನ್ನಲು ಏನು ಸಾಕ್ಷಿ ಎಂದರು.

“ಸಾಕ್ಷಿ ಹಿಂದ ಬರಾಕತ್ತೈತ್ರಿ. ಅದರ ನಡಿಗಿ ಸ್ವಲ್ಪ ಸಾವಕಾಶ,” ಎಂದು ಹೇಳಿ, ಕಚೇರಿಯ ಮೆಟ್ಟಿಲಿನ ಪಕ್ಕದ ಬೇವಿನ ಗಿಡದ ಕೆಳಗೆ ಚಾಪೆ ಹಾಸಿದೆ. ಸಾಹೇಬರು ನಕ್ಕು ಒಳಗೆ ಹೋದರು. ಅಲ್ಲಿಂದ ಹದಿನೈದನೆಯ ತಾರೀಖಿಗೆ ಒಂಬತ್ತು ದಿನ ಇದ್ದವು.

ಒಂಬತ್ತು ದಿನವೂ ಅಲ್ಲೇ ಇದ್ದೆ. ಎರಡನೆಯ ದಿನ ಯಮನೂರಪ್ಪ ಬುತ್ತಿ ಕಟ್ಟಿಕೊಂಡು ಬಂದ. ರೊಟ್ಟಿ ಅವನೇ ಬಡಿದದ್ದು, ಹಪ್ಪಳದಂತೆ ಒಡೆದಿದ್ದವು. ನಾನು ಉಂಡೆ. ಅವನು ಎದುರಿಗೆ ಕುಳಿತು, “ಬಾಂದಗಲ್ಲು ಬೀಸೂ ಕಲ್ಲು ದಾಟೇತಿ,” ಎಂದ. ಮರುದಿನ, “ಗರಡಿಮನಿ ಹತ್ರ ಬಂದೈತಿ.” ಅದರ ಮರುದಿನ, “ಶಾಲಿ ಮುಂದ ಐತಿ. ಮಾಸ್ತರು ಸೂಟಿ ಕೊಟ್ಟಾರ.” ಆರನೆಯ ದಿನ ಅವನ ರೊಟ್ಟಿ ಸುಮಾರು ಸರಿಯಾಗಿದ್ದವು. ಊರಿನವರು ದಾರಿ ಬಿಟ್ಟುಕೊಟ್ಟಿದ್ದರು. ಓಣಿಯಲ್ಲಿ ಕಟ್ಟಿದ್ದ ದನ ಬಿಚ್ಚಿಕೊಂಡರು, ಒಣಗಲು ಹಾಕಿದ ಶಾವಿಗೆ ಎತ್ತಿಕೊಂಡರು. ಸಂತೆಯ ದಿನ ಬಳೆಗಾರರು ತಮ್ಮ ಗಾಡಿಯನ್ನು ಜೋಳದ ನಡುವೆಯೇ ನಿಲ್ಲಿಸಿ ವ್ಯಾಪಾರ ಮಾಡಿದರಂತೆ. ಒಬ್ಬರೂ ಒಂದು ದಂಟು ಮುರಿಯಲಿಲ್ಲ. ಬರುವ ದಾರಿಯಲ್ಲಿ ಊರ ಬಾವಿ ಸಿಕ್ಕಾಗ ಕಾಳವ್ವ ಮತ್ತು ಓಣಿಯ ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸಿ ಅರ್ಧ ಹೊಲಕ್ಕೆ ನೀರು ಉಣಿಸಿದರು ಎಂದು ಯಮನೂರಪ್ಪ ಹೇಳಿದ. ಸಿಟ್ಟಿನವಳೆಂದು ನನ್ನ ಹತ್ತಿರ ಸುಳಿಯದ ಹೆಂಗಸರು ಅವರು.

ಹದಿನೈದನೆಯ ತಾರೀಖು ಬೆಳಗ್ಗೆ ಕಚೇರಿಯ ಜವಾನ ಬಾಗಿಲು ತೆರೆಯಲು ಹೋದ. ತೆರೆಯಲಿಲ್ಲ. ಜೋಳ ಬಾಗಿಲಿಗೆ ಒತ್ತಿ ನಿಂತಿತ್ತು. ಬನ್ನಿಯ ಗಿಡ ಧ್ವಜದ ಕಂಬದ ಪಕ್ಕಕ್ಕೆ ಬಂದು ನಿಂತಿತ್ತು. ಸಾಹೇಬರ ಜೀಪು ಮೂರು ಸಾಲಿನ ಒಳಗೆ ಸಿಕ್ಕಿತ್ತು. ಬಾಂದಗಲ್ಲು ನನ್ನ ಚಾಪೆಯ ತುದಿಗೆ ತಾಗಿತ್ತು. ಸಾಹೇಬರು ಕಡೆಗೆ ಹಿಂದಿನ ಕಿಟಕಿಯಿಂದ ಒಳಗೆ ಹೋದರು. ಮುಂದಿನ ಕಿಟಕಿ ತೆರೆದಾಗ ನಾಲ್ಕು ತೆನೆ ಅವರ ಮೇಜಿನ ಮೇಲೆ ಬಾಗಿದವು. ಹಾಲುಗಟ್ಟಿದ ತೆನೆಗಳು. ಅವುಗಳನ್ನು ನೋಡಿ, “ನದಾಫ ಅವ್ರನ್ನ ಕರೀರಿ. ಪಟ್ಟಿ ತರ್ರಿ,” ಎಂದರು.

ಅಷ್ಟು ಹೊತ್ತಿಗೆ ಅರ್ಧ ಊರು ಬಂದಿತ್ತು. ಅಡಿವೆಪ್ಪ ಸಾವಕಾರರೂ ಬಂದಿದ್ದರು. ಕಾರಕೂನ ಹಳೆಯ ಪಟ್ಟಿ ನೋಡಿ ಹೊಸದನ್ನು ಬರೆಯುತ್ತಿದ್ದವನು, ಆ ಹೊಲದ ನಂಬರಿನ ಮುಂದೆ ಅಡಿವೆಪ್ಪ ಸಾವಕಾರರ ಹೆಸರನ್ನೇ ಇಳಿಸಿಬಿಟ್ಟಿದ್ದ. ಸಾಹೇಬರು ಗೀಟು ಎಳೆದರು. ಸಾವಕಾರರು ತಮ್ಮ ಧೋತರಕ್ಕೆ ಅಂಟಿದ ಜೋಳದ ಹುಡಿಯನ್ನು ಬೆರಳಿಂದ ಮುಟ್ಟಿ ನೋಡಿಕೊಂಡರು, ಇದು ಹೀಗೆ ಅಂಟುತ್ತದೆಯೇ ಎಂಬಂತೆ.

“ಮಾಡೂ ಗಂಡಸಿನ ಹೆಸರೇನು?” ಎಂದು ಕಾರಕೂನ ಕೇಳಿದ. ಗುಂಪಿನಿಂದ ಯಾರೋ, “ಯಮನೂರಪ್ಪ,” ಎಂದರು. ಅವನು ಬರೆದೂಬಿಟ್ಟ. ನನ್ನ ಬೈಗುಳ ಹಲ್ಲಿನವರೆಗೆ ಬಂದಿತ್ತು. ಆದರೆ ನನಗಿಂತ ಮೊದಲು ನನ್ನ ಗಂಡ ಮುಂದೆ ಬಂದ. ಕೈಯಲ್ಲಿ ಬುತ್ತಿಯ ಗಂಟು. ಜನರ ನಡುವೆ ಅವನು ದನಿ ಎತ್ತಿದ್ದನ್ನು ಆ ದಿನದವರೆಗೆ ನಾನು ಕೇಳಿರಲಿಲ್ಲ.

“ಅದನ್ನೂ ಹೊಡೀರಿ, ಸಾಹೇಬ್ರ,” ಎಂದ. “ಎಂಟ ದಿನ ಸಾವಕಾರ್ರ ಹಿತ್ತಲದಾಗ ಕುಂತು ಕರದೀನಿ ನಾ. ಒಂದು ಗೇಣ ಸೈತ ನನ್ನ ಹಿಂದ ಬರಲಿಲ್ಲ ಅದು. ಇಕಿ ಹಿಂದ ಇಲ್ಲೀತನಕ ಬಂದೈತಿ. ಇಕಿ ಹೆಸರ ಬರೀರಿ.”

ಗುಂಪಿನಲ್ಲಿ ಯಾರೋ ಗಂಡಸು ಕಿಸಕ್ಕನೆ ನಕ್ಕ. ಯಮನೂರಪ್ಪ ಅತ್ತ ತಿರುಗಿ, “ನಗಬ್ಯಾಡೋ. ನಿನ್ನ ಹೊಲ ಯಾರ ಹಿಂದ ಬರ್ತೈತಿ, ಮದ್ಲ ಅಳದ ನೋಡ್ಕೋ ಹೋಗು,” ಎಂದ. ನಗು ಅಲ್ಲಿಗೇ ನಿಂತಿತು. ಕಾಳವ್ವನ ಗಂಡ ತನ್ನ ಹೆಂಡತಿಯ ಕಡೆ ನೋಡಿದ. ಕಾಳವ್ವ ಬೇವಿನ ಗಿಡದ ಕಡೆ ನೋಡಿದಳು.

ನದಾಫ ಬಾಯಾರು ಕಾರಕೂನನ ಕೈಯಿಂದ ಪೆನ್ನು ತೆಗೆದುಕೊಂಡು, ಆ ಹೆಸರಿಗೂ ಗೀಟು ಎಳೆದು, ನನ್ನ ಹೆಸರನ್ನು ತಾವೇ ಬರೆದರು. ದುಂಡು ಅಕ್ಷರ. ಹೆಬ್ಬೆಟ್ಟಿನ ಮಸಿ ಡಬ್ಬಿಯನ್ನು ಜವಾನ ನನ್ನ ಮುಂದೆ ಸರಿಸಿದ. ಅದನ್ನು ಹಿಂದಕ್ಕೆ ದೂಡಿ, ಪೆನ್ನು ಕೇಳಿ ಇಸಿದುಕೊಂಡು ಸಹಿ ಮಾಡಿದೆ. ಫಕ್ಕೀರವ್ವ. ಒತ್ತಕ್ಷರ ಎರಡೂ ಸರಿಯಾಗಿ ಬಿದ್ದವು. ಏಳನೆಯ ಇಯತ್ತೆಯ ಮಾಸ್ತರರು ಬದುಕಿದ್ದರೆ ಕರೆದು ತೋರಿಸುತ್ತಿದ್ದೆ.

“ಪೈಪು ಸೋಮವಾರ ಬರ್ತಾವ,” ಎಂದ ಸಾಹೇಬರು ಕಿಟಕಿಯಿಂದ ಜೀಪಿನ ಕಡೆ ನೋಡಿ ಕೇಳಿದರು. “ಈ ಹೊಲ ಮತ್ತ ಯಾವಾಗ ಹೋಗ್ತೈತವಾ? ನನಗ ಜೀಪ ತಗೀಬೇಕು.”

“ನಾ ಹೋದ್ರ ಹೋಗ್ತೈತ್ರಿ,” ಎಂದೆ.

ಚಾಪೆ ಸುತ್ತಿಕೊಂಡು ಹೊರಟೆ. ಜನ ಎರಡೂ ಬದಿಗೆ ಸರಿದು ದಾರಿ ಬಿಟ್ಟರು. ಬೆನ್ನ ಹಿಂದೆ ಜೋಳದ ಸಪ್ಪಳ ಶುರುವಾಯಿತು, ಅದರ ಹಿಂದೆ ನನ್ನ ಗಂಡನ ಚಪ್ಪಲಿಯ ಸಪ್ಪಳ. ಮನೆ ಮುಟ್ಟುವವರೆಗೂ ನಾನು ತಿರುಗಿ ನೋಡಲಿಲ್ಲ.